ಹೆಸರಾಗಿ ಉಳಿದ ಊರು

ಕರ್ನಾಟಕದ ಭೂಪಟದಲ್ಲಿ ಸೂಪಾ ಎಂಬ ಹೆಸರನ್ನು ಹುಡುಕಿದರೆ ಅದು ಉತ್ತರ ಕನ್ನಡ ಜಿಲ್ಲೆಯ ವಾಯವ್ಯ ಭಾಗದಲ್ಲಿ, ನೀಲಿಬಣ್ಣದ ಒಂದು ಹರವಿನ ಅಂಚಿಗೆ ಕಾಣಸಿಗುತ್ತದೆ. ಆ ನೀಲಿಬಣ್ಣವು ಜಲಾಶಯದ ಗುರುತು. ಸೂಪಾ ಅಣೆಕಟ್ಟು, ಸೂಪಾ ಜಲಾಶಯ, ಸೂಪಾ ವಿದ್ಯುದಾಗಾರ ಎಂಬ ಹೆಸರುಗಳು ಭೂಗೋಳದ ಪುಸ್ತಕಗಳಲ್ಲಿ ಬರುತ್ತವೆ. ಮಳೆಗಾಲದಲ್ಲಿ ವೃತ್ತಪತ್ರಿಕೆಗಳು ಅಲ್ಲಿನ ನೀರಿನ ಮಟ್ಟವನ್ನು ಪ್ರಕಟಿಸುತ್ತವೆ. ಆದರೆ ಸೂಪಾ ಎಂಬ ಊರು ಎಲ್ಲಿದೆ ಎಂದು ಕೇಳಿದರೆ ಬೆರಳಿಟ್ಟು ತೋರಿಸಲು ನೆಲವಿಲ್ಲ. ಅಣೆಕಟ್ಟಿಗೆ ತನ್ನ ಹೆಸರನ್ನು ಕೊಟ್ಟ ಊರು ಅದೇ ಅಣೆಕಟ್ಟಿನ ನೀರಿನ ತಳದಲ್ಲಿದೆ.

ಊರೊಂದರ ಚರಿತ್ರೆಯನ್ನು ಅರಿಯಬೇಕಾದರೆ ಮೊದಲು ಅದು ನಿಂತಿದ್ದ ನೆಲವನ್ನು ಅರಿಯಬೇಕು. ಸೂಪಾ ಬೆಳೆದುದು ಕಾಳಿ ಮತ್ತು ಪಾಂಡರಿ ನದಿಗಳ ಸಂಗಮದಲ್ಲಿ. ಕಾಳಿ ನದಿಯು ಸಹ್ಯಾದ್ರಿಯ ಮೇಲೆ, ಗೋವೆಯ ಗಡಿಗೆ ಸಮೀಪವಾದ ಡಿಗ್ಗಿ ಎಂಬ ಹಳ್ಳಿಯ ಬಳಿ ಹುಟ್ಟುತ್ತದೆ. ಅಲ್ಲಿಂದ ಅರಬ್ಬೀ ಸಮುದ್ರವು ಬಹಳ ದೂರವೇನಲ್ಲ. ಆದರೂ ನದಿಯು ನೇರವಾಗಿ ಪಶ್ಚಿಮಕ್ಕೆ ಇಳಿಯುವುದಿಲ್ಲ. ಬೆಟ್ಟದ ಸಾಲುಗಳು ದಾರಿ ಬಿಡದ ಕಾರಣ ಅದು ಮೊದಲು ಪೂರ್ವಾಭಿಮುಖವಾಗಿ ಹರಿದು, ದಾಂಡೇಲಿಯನ್ನು ದಾಟಿ, ದಕ್ಷಿಣಕ್ಕೆ ಹೊರಳಿ, ಆಳವಾದ ಕಣಿವೆಗಳ ಮೂಲಕ ಘಟ್ಟವನ್ನಿಳಿದು, ಕಡೆಗೆ ಕಾರವಾರದ ಬಳಿ ಸಮುದ್ರವನ್ನು ಸೇರುತ್ತದೆ. ಹೀಗೆ ಸುತ್ತುಬಳಸಿ ಹರಿಯುವ ಈ ನದಿಯ ಉದ್ದ ೧೮೪ ಕಿಲೋಮೀಟರ್. ಹುಟ್ಟಿದ ಜಿಲ್ಲೆಯಲ್ಲಿಯೇ ಕಡಲನ್ನು ಸೇರುವ ನದಿ ಇದು. ಇದರ ಮೇಲ್ಭಾಗದ ಹರಿವಿನಲ್ಲಿ ಪಾಂಡರಿಯು ಬಂದು ಕೂಡುವ ಎಡೆಯಲ್ಲಿ ಸೂಪಾ ಇತ್ತು.

ಎರಡು ನದಿಗಳು ಕೂಡುವಲ್ಲಿ ಊರು ಬೆಳೆಯುವುದು ಹೊಸ ಸಂಗತಿಯಲ್ಲ. ಮಲೆನಾಡಿನಲ್ಲಿ ಇದಕ್ಕೆ ವಿಶೇಷವಾದ ಕಾರಣವೂ ಉಂಟು. ಅಲ್ಲಿ ಬೆಟ್ಟವೇ ಹೆಚ್ಚು, ಸಮತಟ್ಟಾದ ನೆಲ ಕಡಮೆ. ನದಿಗಳು ವರ್ಷವರ್ಷವೂ ತಂದು ಹರಡುವ ಮೆಕ್ಕಲು ಮಣ್ಣು ಬತ್ತದ ಗದ್ದೆಗೆ ಯೋಗ್ಯವಾದುದು. ಕಾಡಿನ ದಾರಿಗಳು ಕೂಡ ಹೊಳೆಯ ಜಾಡನ್ನೇ ಹಿಡಿದು ಸಾಗುತ್ತವೆ. ಎರಡು ಹೊಳೆಗಳು ಕೂಡುವಲ್ಲಿ ಎರಡು ದಾರಿಗಳೂ ಕೂಡುತ್ತವೆ. ಗದ್ದೆ, ನೀರು, ದಾರಿ ಈ ಮೂರೂ ಒಂದೆಡೆ ದೊರೆತಾಗ ಅಲ್ಲಿ ಜನ ನೆಲೆ ನಿಲ್ಲುವುದು ಸಹಜ.

ಈ ಸೀಮೆಯ ಮಳೆಯ ಲೆಕ್ಕವನ್ನು ನೋಡಿದರೆ ನೆಲದ ಸ್ವಭಾವ ಇನ್ನಷ್ಟು ಸ್ಪಷ್ಟವಾಗುತ್ತದೆ. ಘಟ್ಟದ ಅಂಚಿನಲ್ಲಿರುವ ಕ್ಯಾಸಲ್ ರಾಕ್‌ನಲ್ಲಿ ವರ್ಷಕ್ಕೆ ೫೦೦ ಸೆಂಟಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಪೂರ್ವಕ್ಕೆ ಸಾಗಿ, ಬಯಲುಸೀಮೆಯ ಹೊಸ್ತಿಲಿನಂತಿರುವ ಹಳಿಯಾಳವನ್ನು ತಲಪಿದರೆ ಅದರ ಮೂರನೆಯ ಒಂದು ಭಾಗದಷ್ಟೂ ಮಳೆಯಿಲ್ಲ. ಮುಂಡಗೋಡದ ಸೀಮೆಯೂ ಹಳಿಯಾಳವನ್ನೇ ಹೋಲುತ್ತದೆ. ಅಲ್ಲಿ ಕೆರೆಗಳೂ ಬಯಲು ಗದ್ದೆಗಳೂ ಹೆಚ್ಚು. ಸೂಪಾ ಇದ್ದುದು ಈ ಎರಡು ಲೋಕಗಳ ನಡುವೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೆಲವೂ ಮುಗಿಲೂ ಒಂದಾದಂತೆ ಮಳೆ ಸುರಿಯುವುದು, ಉಳಿದ ಎಂಟು ತಿಂಗಳು ಹೊಳೆ ಕ್ರಮೇಣ ಸೊರಗುವುದು ಅಲ್ಲಿನ ಋತುಕ್ರಮ. ಮಳೆಗಾಲದ ಕಾಳಿ ಬೇರೆ, ಬೇಸಗೆಯ ಕಾಳಿ ಬೇರೆ. ಈ ವ್ಯತ್ಯಾಸವೇ ಮುಂದೆ ಊರಿನ ಭವಿಷ್ಯವನ್ನು ನಿರ್ಧರಿಸಿತು.

ಸುತ್ತಲೂ ದಟ್ಟವಾದ ಕಾಡು. ಸಾಗುವಾನಿ, ಮತ್ತಿ, ನಂದಿ, ಹೊನ್ನೆ, ಬೀಟೆ ಮೊದಲಾದ ಬೆಲೆಬಾಳುವ ಮರಗಳು, ಮೆಳೆಮೆಳೆಯಾಗಿ ಬೆಳೆದ ಬಿದಿರು ಈ ಕಾಡಿನ ಸಂಪತ್ತು. ಜನವಸತಿ ವಿರಳ. ಕಾಡಿನ ನಡುವೆ ಗದ್ದೆಯಿರುವಷ್ಟು ತೆರಪು ದೊರೆತಲ್ಲಿ ನಾಲ್ಕಾರು ಮನೆಗಳು, ಮತ್ತೆ ಕಾಡು, ಮತ್ತೆ ಕೆಲವು ಮನೆಗಳು ಎಂಬಂತೆ ಹಳ್ಳಿಗಳು ಹರಡಿಕೊಂಡಿವೆ. ಕುಣಬಿಗಳು ಇಲ್ಲಿನ ಬಹು ಹಳೆಯ ನಿವಾಸಿಗಳು. ಗದ್ದೆಯ ಬೇಸಾಯದೊಡನೆ ಬಗೆಬಗೆಯ ಗೆಡ್ಡೆಗೆಣಸುಗಳನ್ನು ಬೆಳೆಯುವುದರಲ್ಲಿ ಅವರು ನಿಪುಣರು. ದನ ಎಮ್ಮೆಗಳನ್ನು ಸಾಕುವ ಗೌಳಿಗರು, ಮರಾಠರು, ಇತರ ಕೃಷಿಕರು ಇಲ್ಲಿದ್ದಾರೆ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದರು. ಅವರ ಸಂತತಿಯವರೇ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಕಡೆಗಳಲ್ಲಿ ವಾಸಿಸುವ ಸಿದ್ದಿಗಳು. ಕನ್ನಡ, ಕೊಂಕಣಿ, ಮರಾಠಿ ಈ ಮೂರು ಭಾಷೆಗಳೂ ಇಲ್ಲಿನ ಸಂತೆಯಲ್ಲಿ ಕೇಳಿಬರುತ್ತವೆ. ಗಡಿನಾಡಿನ ಜನರಿಗೆ ಒಂದು ಮಾತಿನಿಂದ ಇನ್ನೊಂದು ಮಾತಿಗೆ ದಾಟುವುದು ಹೊಳೆ ದಾಟಿದಷ್ಟೇ ಸಲೀಸು.

ಈ ಕಾಡಿನ ಸೀಮೆ ಚರಿತ್ರೆಯ ಹೊರಗೆ ಉಳಿದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ಅನಂತರ ಶರಣರು ಚನ್ನಬಸವಣ್ಣನವರೊಡನೆ ಉಳವಿಗೆ ಬಂದು ನೆಲೆಸಿದರೆಂಬುದು ಪ್ರಸಿದ್ಧವಾಗಿದೆ. ಚನ್ನಬಸವಣ್ಣನವರ ಸಮಾಧಿ ಇರುವುದು ಉಳವಿಯಲ್ಲಿಯೇ. ಭಾರತ ಹುಣ್ಣಿಮೆಯ ಜಾತ್ರೆಗೆ ಉತ್ತರ ಕರ್ನಾಟಕದ ಭಕ್ತರು ಎತ್ತಿನ ಚಕ್ಕಡಿಗಳನ್ನು ಹೂಡಿಕೊಂಡು ಇದೇ ಕಾಡನ್ನು ಹಾದು ಹೋಗುತ್ತಾರೆ. ಮುಂದೆ ಘಟ್ಟದ ಮೇಲಿನ ಈ ಪ್ರದೇಶ ಸೋಂದೆಯ ಅರಸರ ಆಳ್ವಿಕೆಗೆ ಒಳಪಟ್ಟಿತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿಯು ಸೋಂದೆಯನ್ನು ಗೆದ್ದನು. ೧೭೯೯ರಲ್ಲಿ ಟೀಪು ಸುಲ್ತಾನನು ಮಡಿದ ಮೇಲೆ ಇದು ಇಂಗ್ಲಿಷರ ವಶವಾಯಿತು. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ೧೯೫೬ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳು ರಚಿತವಾದಾಗ ಅದು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಅರಸರು ಬದಲಾದರು, ಪ್ರಾಂತಗಳು ಬದಲಾದವು. ಸೂಪಾ ಮಾತ್ರ ತನ್ನ ಕೂಡಲಿನಲ್ಲಿ ಉಳಿದುಕೊಂಡಿತ್ತು.

ಇಂಗ್ಲಿಷರ ಕಾಲದಲ್ಲಿ ಸೂಪಾ ಹಳಿಯಾಳದೊಡನೆ ಸೇರಿದ ಒಂದು ಪೇಟಾ ಆಗಿತ್ತು. ಪೇಟಾ ಎಂದರೆ ತಾಲ್ಲೂಕಿಗಿಂತ ಚಿಕ್ಕದಾದ ಕಂದಾಯ ವಿಭಾಗ. ಮುಂದೆ ಅದು ತಾಲ್ಲೂಕಾಯಿತು. ಸೂಪಾ ಅದರ ಮುಖ್ಯಸ್ಥಳವಾಯಿತು. ಮುಖ್ಯಸ್ಥಳವೆಂದ ಮೇಲೆ ಕಂದಾಯ ಕಟ್ಟುವವರು, ಅರ್ಜಿ ಹಿಡಿದು ಬರುವವರು, ಮಕ್ಕಳನ್ನು ಶಾಲೆಗೆ ಕಳುಹಿಸುವವರು, ಉಪ್ಪು, ಎಣ್ಣೆ, ಬಟ್ಟೆಗಾಗಿ ಬರುವವರು ಎಲ್ಲರಿಗೂ ಅದೇ ಗುರಿ. ಜನಸಂಖ್ಯೆಯ ದೃಷ್ಟಿಯಿಂದ ನೋಡಿದರೆ ಸೂಪಾ ಚಿಕ್ಕ ಊರು. ಆದರೆ ಇಡೀ ಒಂದು ದಿನ ಕಾಡುದಾರಿ ನಡೆದು ಬರುವ ಕುಣಬಿಯ ಪಾಲಿಗೆ ಅದೇ ಪಟ್ಟಣ. ಸರಕಾರವೆಂದರೆ ಏನೆಂಬುದು ಅವನಿಗೆ ತಿಳಿಯುತ್ತಿದ್ದುದು ಅಲ್ಲಿಯೇ.

ಸುತ್ತಮುತ್ತಲಿನ ಊರುಗಳ ಬೆಳವಣಿಗೆಯನ್ನು ಗಮನಿಸಿದರೆ ಹೊರಗಿನ ಲೋಕವು ಈ ಕಾಡಿಗೆ ಹೇಗೆ ಕಾಲಿಟ್ಟಿತೆಂಬುದು ತಿಳಿಯುತ್ತದೆ. ೧೮೮೮ರಲ್ಲಿ ಮರ್ಮಗೋವೆಯ ಬಂದರಿನಿಂದ ಘಟ್ಟವನ್ನೇರಿ ಬರುವ ರೈಲುಮಾರ್ಗ ಕ್ಯಾಸಲ್ ರಾಕ್‌ವರೆಗೆ ತೆರೆಯಿತು. ೧೯೬೧ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆ ಹೊಂದುವವರೆಗೂ ಕ್ಯಾಸಲ್ ರಾಕ್ ಗಡಿಯ ನಿಲ್ದಾಣವಾಗಿತ್ತು. ಇತ್ತ ಮರಮುಟ್ಟುಗಳ ನೆಲೆಯಾಗಿದ್ದ ದಾಂಡೇಲಿಯಲ್ಲಿ ೧೯೫೫ರಲ್ಲಿ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಕಾಡಿನ ಬಿದಿರು, ಕಾಳಿಯ ನೀರು ಇವೆರಡೂ ಕೈಗೆಟುಕುವಂತಿದ್ದುದೇ ಕಾರ್ಖಾನೆ ಅಲ್ಲಿಗೆ ಬರಲು ಕಾರಣ. ದುಡಿಯುವ ಜನ ನಾನಾ ಕಡೆಗಳಿಂದ ಬಂದು ಸೇರಿ ದಾಂಡೇಲಿ ಬೇಗನೆ ನಗರವಾಗಿ ಬೆಳೆಯಿತು. ಈಚೆಗೆ ಹಳಿಯಾಳದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕೂ ಆಗಿದೆ. ಹೀಗೆ ಒಂದು ಕಡೆ ರೈಲು, ಇನ್ನೊಂದು ಕಡೆ ಕಾರ್ಖಾನೆ ಬಂದವು. ಸೂಪಾಕ್ಕೆ ಬಂದುದು ಅಣೆಕಟ್ಟು.

ಅಣೆಕಟ್ಟಿನ ಅಗತ್ಯವೇನಿತ್ತು? ೧೯೬೦ರ ದಶಕದ ಅನಂತರ ರಾಜ್ಯದಲ್ಲಿ ಕೈಗಾರಿಕೆಗಳು ಹೆಚ್ಚಿದವು, ನಗರಗಳು ಬೆಳೆದವು, ರೈತರ ಬಾವಿಗಳಿಗೆ ಪಂಪುಗಳು ಬಂದವು. ವಿದ್ಯುತ್ತಿನ ಬೇಡಿಕೆ ಏರುತ್ತಲೇ ಹೋಯಿತು. ಅಂದು ರಾಜ್ಯಕ್ಕೆ ಮುಖ್ಯ ಆಧಾರವಾಗಿದ್ದುದು ಶರಾವತಿ. ಒಂದೇ ನದಿಯನ್ನು ನೆಚ್ಚಿದರೆ ಸಾಲದೆಂಬುದು ಸ್ಪಷ್ಟವಾಯಿತು. ೧೯೭೦ರಲ್ಲಿ ವಿದ್ಯುತ್ ಉತ್ಪಾದನೆಗಾಗಿಯೇ ಪ್ರತ್ಯೇಕ ನಿಗಮವೊಂದು ಸ್ಥಾಪಿತವಾಯಿತು. ಅದೇ ಇಂದಿನ ಕರ್ನಾಟಕ ವಿದ್ಯುತ್ ನಿಗಮ. ಹೇರಳವಾದ ಮಳೆ, ಘಟ್ಟದಿಂದ ಕಡಲಿಗೆ ಧುಮುಕುವ ಕಡಿದಾದ ಇಳಿಜಾರು ಇವೆರಡೂ ಇದ್ದ ಕಾಳಿ ನದಿಯು ನಿಗಮದ ಯೋಜನೆಗಳಲ್ಲಿ ಮುಖ್ಯ ಸ್ಥಾನ ಪಡೆಯಿತು.

ನೀರಿನಿಂದ ವಿದ್ಯುತ್ತನ್ನು ಪಡೆಯಲು ಎರಡು ಅನುಕೂಲಗಳು ಬೇಕು. ಒಂದು, ನೀರು ಎತ್ತರದಿಂದ ಬೀಳಬೇಕು. ಎರಡು, ಅದು ವರ್ಷವಿಡೀ ಬೀಳುತ್ತಿರಬೇಕು. ಮೊದಲನೆಯ ಅನುಕೂಲವು ಕಾಳಿಯ ಕೆಳಗಿನ ಕಣಿವೆಯಲ್ಲಿ, ಅಂಬಿಕಾನಗರದ ಬಳಿಯ ನಾಗಝರಿಯಲ್ಲಿ ದೊರೆಯಿತು. ಬೊಮ್ಮನಹಳ್ಳಿಯಲ್ಲಿ ನದಿಯನ್ನು ತಡೆದು, ನೀರನ್ನು ಸುರಂಗದ ಮೂಲಕ ಸಾಗಿಸಿ, ಕೊಳವೆಗಳಲ್ಲಿ ೩೦೦ ಮೀಟರಿಗೂ ಹೆಚ್ಚು ಆಳಕ್ಕೆ ಇಳಿಸಿದರೆ ದೊಡ್ಡ ದೊಡ್ಡ ಯಂತ್ರಗಳನ್ನು ತಿರುಗಿಸಬಹುದಾಗಿತ್ತು. ಆದರೆ ಬೊಮ್ಮನಹಳ್ಳಿಯ ಜಲಾಶಯ ಚಿಕ್ಕದು. ಮಳೆಗಾಲದ ನೀರನ್ನು ಬೇಸಗೆಯವರೆಗೆ ಕಾಪಿಡುವ ಶಕ್ತಿ ಅದಕ್ಕಿಲ್ಲ. ನದಿಯ ಮೇಲ್ಭಾಗದಲ್ಲಿ ನಾಲ್ಕು ತಿಂಗಳ ಮಳೆಯನ್ನು ಹನ್ನೆರಡು ತಿಂಗಳಿಗೂ ಕೂಡಿಡುವ ಒಂದು ದೊಡ್ಡ ಕಣಜ ಬೇಕಾಯಿತು. ಕಣಜಕ್ಕೆ ತಕ್ಕ ಸ್ಥಳವನ್ನು ಹುಡುಕಿದಾಗ ಸೂಪಾ ಕಣ್ಣಿಗೆ ಬಿದ್ದಿತು. ಅಲ್ಲಿ ಎರಡು ನದಿಗಳ ನೀರು ಕೂಡುತ್ತದೆ. ಸಂಗಮದ ಹಿಂದೆ ಕಣಿವೆಗಳು ಅಗಲವಾಗಿ ಹರಡಿಕೊಂಡಿವೆ. ಮುಂದೆ ಬೆಟ್ಟಗಳು ಒತ್ತಿ ಬಂದು ನದಿಯ ದಾರಿ ಕಿರಿದಾಗುತ್ತದೆ. ಕಿರಿದಾದಲ್ಲಿ ಗೋಡೆ ಕಟ್ಟಿದರೆ ಅಗಲವಾದಲ್ಲಿ ನೀರು ನಿಲ್ಲುತ್ತದೆ. ಯಾವ ಸಂಗಮವು ಊರನ್ನು ಹುಟ್ಟಿಸಿತೋ ಅದೇ ಸಂಗಮವು ಅದರ ಮುಳುಗಡೆಗೂ ಕಾರಣವಾಯಿತು.

ಅಣೆಕಟ್ಟಿನ ಕೆಲಸ ೧೯೭೪ರಲ್ಲಿ ಆರಂಭವಾಗಿ ೧೯೮೭ರಲ್ಲಿ ಮುಗಿಯಿತು. ಕಾಂಕ್ರೀಟಿನಿಂದ ಕಟ್ಟಿದ ಈ ಗೋಡೆಯ ಎತ್ತರ ೧೦೧ ಮೀಟರ್, ಉದ್ದ ಸುಮಾರು ೩೩೨ ಮೀಟರ್. ಎತ್ತರ ಇಷ್ಟಿದ್ದರೂ ಉದ್ದ ಇಷ್ಟು ಕಡಮೆಯಿರುವುದರಿಂದಲೇ ಆ ಕಣಿವೆ ಎಷ್ಟು ಇಕ್ಕಟ್ಟಾದುದೆಂದು ಊಹಿಸಬಹುದು. ಜಲಾಶಯವು ಪೂರ್ಣವಾಗಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ ೫೬೪ ಮೀಟರ್ ಎತ್ತರದಲ್ಲಿರುತ್ತದೆ. ಆಗ ಅದರಲ್ಲಿ ನಿಲ್ಲುವ ನೀರು ಸುಮಾರು ೧೪೭ ಟಿ.ಎಂ.ಸಿ., ಅಂದರೆ ೧೪,೭೦೦ ಕೋಟಿ ಘನ ಅಡಿ. ಇದು ಕೃಷ್ಣರಾಜಸಾಗರದಲ್ಲಿ ನಿಲ್ಲುವ ನೀರಿನ ಸುಮಾರು ಮೂರರಷ್ಟಾಗುತ್ತದೆ. ಅಣೆಕಟ್ಟಿನ ಬುಡದಲ್ಲಿ ೫೦ ಮೆಗಾವಾಟಿನ ಎರಡು ಯಂತ್ರಗಳಿವೆ. ಅಲ್ಲಿ ದುಡಿದ ನೀರು ದಾಂಡೇಲಿಯನ್ನು ದಾಟಿ, ಬೊಮ್ಮನಹಳ್ಳಿಯನ್ನು ಸೇರಿ, ನಾಗಝರಿಯಲ್ಲಿ ಆರು ಯಂತ್ರಗಳನ್ನು ತಿರುಗಿಸಿ ಸುಮಾರು ೯೦೦ ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ತನ್ನು ನೀಡುತ್ತದೆ. ಅಲ್ಲಿಂದ ಮುಂದೆ ಕೊಡಸಳ್ಳಿಯಲ್ಲಿ ೧೨೦, ಕದ್ರಾದಲ್ಲಿ ೧೫೦ ಮೆಗಾವಾಟಿನ ವಿದ್ಯುದಾಗಾರಗಳಿವೆ. ಕೈಗಾದ ಅಣುವಿದ್ಯುತ್ ಕೇಂದ್ರವೂ ಕದ್ರಾ ಜಲಾಶಯದ ನೀರನ್ನೇ ಆಶ್ರಯಿಸಿದೆ. ಸೂಪಾದಲ್ಲಿ ನಿಂತ ಒಂದು ಹನಿ ಕಡಲನ್ನು ಸೇರುವಷ್ಟರಲ್ಲಿ ನಾಲ್ಕು ಬಾರಿ ಬೆಳಕಾಗುತ್ತದೆ.

ಇದು ಲಾಭದ ಲೆಕ್ಕ. ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಪುಟವೂ ಇದೆ.

ಅಣೆಕಟ್ಟಿನ ಹಿಂದೆ ನೀರು ಒಂದೇ ದಿನದಲ್ಲಿ ಏರಿ ಊರನ್ನು ನುಂಗುವುದಿಲ್ಲ. ಮೊದಲು ಅಳತೆಯವರು ಬರುತ್ತಾರೆ. ನೀರು ಎಲ್ಲಿಯವರೆಗೆ ಏರುವುದೆಂದು ಲೆಕ್ಕ ಹಾಕಿ ಬೆಟ್ಟದ ಮೈಯಲ್ಲಿ ಒಂದು ರೇಖೆಯನ್ನು ಗುರುತಿಸುತ್ತಾರೆ. ರೇಖೆಯ ಕೆಳಗೆ ಇರುವುದೆಲ್ಲ ಮುಳುಗಡೆಯ ನೆಲ. ಮೇಲಿನದು ಉಳಿಯುವ ನೆಲ. ಗುಡ್ಡದ ಇಳಿಜಾರಿನಲ್ಲಿರುವ ಹಳ್ಳಿಯಲ್ಲಿ ಒಬ್ಬನ ಮನೆ ಮೇಲೆ, ಗದ್ದೆ ಕೆಳಗೆ ಆಗುವುದುಂಟು. ಗದ್ದೆಯಿಲ್ಲದ ಮನೆ ಉಳಿದೂ ಉಳಿಯದಂತೆಯೇ ಸರಿ. ಸಂಗಮದ ತಗ್ಗಿನಲ್ಲಿದ್ದ ಸೂಪಾಕ್ಕೆ ಇಂಥ ಸಂದೇಹಕ್ಕೂ ಎಡೆಯಿರಲಿಲ್ಲ. ಊರಿಗೆ ಊರೇ ರೇಖೆಯ ಕೆಳಗಿತ್ತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಸಾಗಿದವು. ಅಣೆಕಟ್ಟಿನ ಕೆಲಸಗಾರರಿಗಾಗಿ ಗಣೇಶಗುಡಿಯಲ್ಲಿ ಹೊಸ ವಸತಿ ಎದ್ದಿತು. ಮನೆಮಠಗಳನ್ನು ಕಳೆದುಕೊಂಡವರಲ್ಲಿ ಅನೇಕರಿಗೆ ಲೋಂಡಾದ ಕಡೆಗಿರುವ ರಾಮನಗರದಲ್ಲಿ ಪುನರ್ವಸತಿ ಏರ್ಪಟ್ಟಿತು. ಸೂಪಾದೊಡನೆ ಕಾಳಿ ಮತ್ತು ಪಾಂಡರಿಯ ದಂಡೆಗಳಲ್ಲಿದ್ದ ಹಲವು ಹಳ್ಳಿಗಳೂ ಸುಮಾರು ೧೨೦ ಚದರ ಕಿಲೋಮೀಟರಿನಷ್ಟು ನೆಲವೂ ನೀರಿನ ಪಾಲಾದವು.

ಪರಿಹಾರವೆಂಬುದು ಹೇಗೆ ನಿರ್ಧಾರವಾಗುತ್ತಿತ್ತು ಎಂಬುದನ್ನು ಇಲ್ಲಿ ತಿಳಿಯಬೇಕು. ಅಂದು ದೇಶದಲ್ಲಿ ಜಾರಿಯಲ್ಲಿದ್ದುದು ೧೮೯೪ರ ಭೂಸ್ವಾಧೀನ ಕಾಯಿದೆ. ಸಾರ್ವಜನಿಕ ಉದ್ದೇಶಕ್ಕಾಗಿ ಸರಕಾರವು ಯಾರ ಭೂಮಿಯನ್ನಾದರೂ ವಶಪಡಿಸಿಕೊಳ್ಳಬಹುದೆಂದೂ ಅದರ ಒಡೆಯನಿಗೆ ಬೆಲೆ ಕೊಡಬೇಕೆಂದೂ ಅದು ವಿಧಿಸಿತ್ತು. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಒಡೆಯನೆಂದರೆ ಕಾಗದಪತ್ರಗಳಲ್ಲಿ ಹೆಸರಿರುವವನು. ಕಾಡಿನ ಸೀಮೆಯಲ್ಲಿ ತಲೆತಲಾಂತರದಿಂದ ಉಳುತ್ತಿದ್ದರೂ ಪತ್ರದಲ್ಲಿ ಹೆಸರಿಲ್ಲದವರು ಎಷ್ಟೋ ಮಂದಿ ಇರುತ್ತಾರೆ. ಅಲ್ಲದೆ ಕಾಡಿನಿಂದ ತರುತ್ತಿದ್ದ ಸೊಪ್ಪು, ಜೇನು, ಗೆಡ್ಡೆ, ಬಿದಿರು, ಹೊಳೆಯ ಮೀನು, ದನಗಳ ಗೋಮಾಳ ಇವೆಲ್ಲವೂ ಬದುಕಿನ ಆಸ್ತಿಗಳೇ ಆಗಿದ್ದರೂ ಯಾರ ಹೆಸರಿನಲ್ಲಿಯೂ ಬರೆದಿಟ್ಟವಲ್ಲ. ಬರೆದಿಡದುದಕ್ಕೆ ಬೆಲೆ ಕಟ್ಟುವವರಿಲ್ಲ. ಹೊಳೆಯ ದಂಡೆಯ ಗದ್ದೆಗೆ ಬೆಲೆ ಕೊಡಬಹುದು. ಹೊಳೆಗೆ ಎಷ್ಟು ಕೊಡುವುದು? ಈ ಕೊರತೆಯನ್ನು ದೇಶವು ನಿಧಾನವಾಗಿ ಅರಿತುಕೊಂಡಿತು. ಕಾಡಿನಲ್ಲಿ ಬಾಳುವವರ ಹಕ್ಕನ್ನು ಮನ್ನಿಸುವ ಕಾನೂನು ೨೦೦೬ರಲ್ಲಿ ಬಂದಿತು. ಹಳೆಯ ಭೂಸ್ವಾಧೀನ ಕಾಯಿದೆಯನ್ನು ರದ್ದುಪಡಿಸಿ, ಪುನರ್ವಸತಿಯನ್ನು ಪರಿಹಾರದ ಅಂಗವಾಗಿಯೇ ಸೇರಿಸಿದ ಕಾನೂನು ೨೦೧೩ರಲ್ಲಿ ಅಂಗೀಕಾರವಾಯಿತು. ಆ ಹೊತ್ತಿಗೆ ಸೂಪಾ ಮುಳುಗಿ ಕಾಲು ಶತಮಾನ ಕಳೆದಿತ್ತು.

ಊರನ್ನು ಬಿಟ್ಟು ಹೋಗುವುದೆಂದರೆ ಗೋಡೆಗಳನ್ನು ಬಿಟ್ಟು ಹೋಗುವುದಷ್ಟೇ ಅಲ್ಲ. ಯಾವ ಗದ್ದೆಗೆ ಯಾವ ತಳಿಯ ಬತ್ತ ಒಗ್ಗುತ್ತದೆ, ಹೊಳೆ ಏರುವ ಮುನ್ನ ಯಾವ ಗುರುತು ತೋರುತ್ತದೆ, ಕಾಡಿನ ಯಾವ ಮೂಲೆಯಲ್ಲಿ ಯಾವ ತಿಂಗಳು ಏನು ದೊರೆಯುತ್ತದೆ ಎಂಬ ಅರಿವು ಒಂದು ನೆಲದ ಮೇಲೆ ಹಲವು ತಲೆಮಾರುಗಳು ದುಡಿದು ಗಳಿಸಿದುದು. ಹೊಸ ನೆಲದಲ್ಲಿ ಆ ಅರಿವು ಅಷ್ಟಾಗಿ ಉಪಯೋಗಕ್ಕೆ ಬಾರದು. ಜೊತೆಗೆ, ಒಂದೇ ಬೀದಿಯಲ್ಲಿ ಬಾಳಿದ ನೆರೆಹೊರೆಯವರು ಬೇರೆ ಬೇರೆ ಕಡೆಗಳಿಗೆ ಚದುರುತ್ತಾರೆ. ಮದುವೆಗೆ ಚಪ್ಪರ ಹಾಕಲು, ಸಾವಿಗೆ ಹೆಗಲು ಕೊಡಲು, ನಾಟಿಯ ದಿನಗಳಲ್ಲಿ ಮುಯ್ಯಾಳಾಗಿ ಬರಲು ಇದ್ದ ಜನ ಮೊದಲಿನಂತೆ ಕೂಗಳತೆಯಲ್ಲಿ ಇರುವುದಿಲ್ಲ. ಈ ನಷ್ಟವನ್ನು ಯಾವ ಅಳತೆಗೋಲಿನಿಂದಲೂ ಅಳೆಯಲಾಗದು.

ಇಂಥ ಅನುಭವ ಸೂಪಾದ ಜನರಿಗೆ ಮಾತ್ರ ಆದುದಲ್ಲ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟನ್ನು ಕಟ್ಟಿದಾಗ ಮಲೆನಾಡಿನ ಅನೇಕ ಹಳ್ಳಿಗಳು ಮುಳುಗಿದವು. ೧೯೪೮ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ೧೯೬೪ರಲ್ಲಿ ಆ ನೀರಿನೊಳಗೆ ಸೇರಿತು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಹಲವು ಭಾಗಗಳನ್ನು ಆವರಿಸಿತು. ಇಟಲಿ ದೇಶದ ಉತ್ತರ ಗಡಿಯ ಬೆಟ್ಟಗಳಲ್ಲಿ ಕುರೋನ್ ಎಂಬ ಹಳ್ಳಿಯನ್ನು ೧೯೫೦ರಲ್ಲಿ ವಿದ್ಯುತ್ತಿಗಾಗಿಯೇ ಮುಳುಗಿಸಲಾಯಿತು. ಅಲ್ಲಿನ ಹಳೆಯ ಇಗರ್ಜಿಯ ಗಂಟೆಗೋಪುರವೊಂದೇ ಇಂದಿಗೂ ನೀರಿನ ಮೇಲೆ ತಲೆಯೆತ್ತಿ ನಿಂತಿದೆ. ನೆಲೆ ತಪ್ಪಿದವರ ಕಥೆಯಲ್ಲಿ ಇನ್ನೊಂದು ಬಗೆಯನ್ನು ಸೂಪಾ ಇದ್ದ ಜಿಲ್ಲೆಯಲ್ಲಿಯೇ ಕಾಣಬಹುದು. ತಮ್ಮ ದೇಶವನ್ನು ತೊರೆದು ಬಂದ ಟಿಬೆಟಿನ ನಿರಾಶ್ರಿತರಿಗಾಗಿ ೧೯೬೬ರಲ್ಲಿ ಮುಂಡಗೋಡದ ಬಳಿ ವಸತಿಯೊಂದು ಆರಂಭವಾಯಿತು. ಹಿಮದ ನಾಡಿನವರು ಜೋಳ, ಬತ್ತಗಳ ನಾಡಿನಲ್ಲಿ ಹೊಸದಾಗಿ ನೆಲವನ್ನು ಉಳಲು ಕಲಿತರು. ಡ್ರೆಪುಂಗ್, ಗಾಂದೆನ್ ಎಂಬ ತಮ್ಮ ಹಳೆಯ ವಿಹಾರಗಳನ್ನು ಅವೇ ಹೆಸರುಗಳಿಂದ ಇಲ್ಲಿ ಮತ್ತೆ ಕಟ್ಟಿಕೊಂಡರು. ನೆಲವನ್ನು ಹೊತ್ತು ತರಲಾಗದವರು ಹೆಸರನ್ನು ಹೊತ್ತು ತರುತ್ತಾರೆ.

ಸೂಪಾ ಮುಳುಗಿದ ಮೇಲೆ ಸುತ್ತಲಿನ ಕಾಡಿನ ಚರಿತ್ರೆಯೂ ಬದಲಾಯಿತು. ೧೯೫೬ರಲ್ಲಿ ದಾಂಡೇಲಿ ವನ್ಯಜೀವಿಧಾಮವು ಘೋಷಿತವಾಗಿತ್ತು. ಅಣೆಕಟ್ಟು ಮುಗಿದ ೧೯೮೭ರಲ್ಲಿಯೇ ಅಣಶಿ ರಾಷ್ಟ್ರೀಯ ಉದ್ಯಾನವು ರೂಪುಗೊಂಡಿತು. ೨೦೦೭ರಲ್ಲಿ ಇವೆರಡನ್ನೂ ಕೂಡಿಸಿ ಹುಲಿ ಸಂರಕ್ಷಿತ ಪ್ರದೇಶವನ್ನಾಗಿ ಮಾಡಲಾಯಿತು. ೨೦೧೫ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನೇ ಇಡಲಾಯಿತು. ಹುಲಿ, ಕರಿಚಿರತೆ, ಕೆಂದಳಿಲು, ಮಂಗಟ್ಟೆ ಹಕ್ಕಿಗಳಿಗೆ ಇಲ್ಲಿ ರಕ್ಷಣೆ ದೊರೆತಿದೆ. ಕಾಡನ್ನು ಉಳಿಸುವುದು ಅತ್ಯಗತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರೊಳಗಿನ ಕುಗ್ರಾಮಗಳಿಗೆ ರಸ್ತೆ, ಸೇತುವೆ, ವಿದ್ಯುತ್ತಂತಿ ಇವುಗಳನ್ನು ಒಯ್ಯುವುದು ಮೊದಲಿಗಿಂತ ಕಠಿಣವಾಯಿತು. ಕೆಲವು ಕುಟುಂಬಗಳು ಪರಿಹಾರವನ್ನು ಪಡೆದು ಹೊರಗೆ ಹೋಗಿ ನೆಲೆಸಿವೆ. ಇನ್ನು ಕೆಲವು ಹಿರಿಯರ ನೆಲವನ್ನು ಬಿಡಲಾರದೆ ಉಳಿದಿವೆ. ಹಿಂದೊಮ್ಮೆ ನೀರು ಕೇಳಿದ ಪ್ರಶ್ನೆಯನ್ನೇ ಈಗ ಕಾಡು ಕೇಳುತ್ತಿದೆ.

ಇಂದು ಜೋಯಿಡಾ ತಾಲ್ಲೂಕಿನ ವಿಸ್ತೀರ್ಣ ಸುಮಾರು ೧,೯೦೦ ಚದರ ಕಿಲೋಮೀಟರ್. ೨೦೧೧ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ೫೨ ಸಾವಿರದಷ್ಟು ಮಾತ್ರ. ಇಷ್ಟು ವಿಶಾಲವಾದ ನೆಲದಲ್ಲಿ ಇಷ್ಟು ಕಡಮೆ ಜನರಿರುವುದರಿಂದ ಅವರ ದನಿ ರಾಜಧಾನಿಯವರೆಗೆ ಕೇಳುವುದು ಸುಲಭವಲ್ಲ. ಕಾಳಿಯ ಯಂತ್ರಗಳಿಂದ ಹೊರಟ ತಂತಿಗಳು ಕಾಡಿನ ಮೇಲೆ ಹಾದು ದೂರದ ನಗರಗಳಿಗೆ ಬೆಳಕನ್ನು ಒಯ್ಯುತ್ತಿದ್ದ ಕಾಲದಲ್ಲಿ, ಆ ತಂತಿಗಳ ಅಡಿಯಲ್ಲಿದ್ದ ಎಷ್ಟೋ ಮಜರೆಗಳಲ್ಲಿ ಚಿಮಣಿ ದೀಪವೇ ಉರಿಯುತ್ತಿತ್ತು. ಮನೆ ಬೆಳಗುವುದಕ್ಕೆ ಎಣ್ಣೆ ಕೊಟ್ಟವನ ಮನೆಯಲ್ಲಿಯೇ ಕತ್ತಲೆಯಿದ್ದ ಹಾಗೆ. ಅಣೆಕಟ್ಟುಗಳು ಬೇಡವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ವಿದ್ಯುತ್ತಿಲ್ಲದೆ ಆಸ್ಪತ್ರೆಯಿಲ್ಲ, ಕಾರ್ಖಾನೆಯಿಲ್ಲ, ಅಚ್ಚಾದ ಪುಸ್ತಕವೂ ಇಲ್ಲ. ಆದರೆ ಸಮಾಜವೆಲ್ಲ ಉಣ್ಣುವ ಫಲಕ್ಕೆ ಒಂದು ಕಣಿವೆಯ ಜನ ಮಾತ್ರ ಬೆಲೆ ತೆತ್ತಾಗ, ಆ ಫಲದ ಮೊದಲ ಪಾಲು ಅವರಿಗೆ ಸಲ್ಲಬೇಕಾದುದು ನ್ಯಾಯ.

ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ಸೂಪಾ ಜಲಾಶಯದ ನೀರು ಬಹಳ ಕೆಳಕ್ಕೆ ಇಳಿಯುತ್ತದೆ. ಆಗ ಅಂಚಿನ ಕೆಸರು ನೆಲ ಬಿರಿದು, ಒಂದು ಕಾಲದ ಕಾಡಿನ ಮರಗಳ ಬೋಳು ಕಾಂಡಗಳು ಹೊರಗೆ ಕಾಣುತ್ತವೆ. ಮುಂಗಾರು ಬಂದೊಡನೆ ಅವು ಮತ್ತೆ ಮರೆಯಾಗುತ್ತವೆ. ಊರಿನ ಹೆಸರಿಗೆ ಮಾತ್ರ ಹೀಗೆ ಮರೆಯಾಗುವ ಗತಿ ಬಂದಿಲ್ಲ. ಮುಖ್ಯಸ್ಥಳವು ಜೋಯಿಡಾಕ್ಕೆ ಹೋಗಿ ಎಷ್ಟೋ ವರ್ಷಗಳಾದರೂ ೨೦೧೧ರ ಜನಗಣತಿಯ ಪಟ್ಟಿಯಲ್ಲಿ ಆ ತಾಲ್ಲೂಕಿನ ಹೆಸರು ಸೂಪಾ ಎಂದೇ ಇದೆ. ಹಿರಿಯರ ಬಾಯಲ್ಲಿ ಸೀಮೆಯ ಹೆಸರು ಇಂದಿಗೂ ಸೂಪಾ. ಸಂತೆಯಿಲ್ಲದ, ಬೀದಿಯಿಲ್ಲದ, ಒಬ್ಬ ನಿವಾಸಿಯೂ ಇಲ್ಲದ ಊರೊಂದು ಐವತ್ತು ಸಾವಿರ ಜನರ ವಿಳಾಸವಾಗಿ ಉಳಿದಿದೆ.